ಎಂಟು ಜನ ಫೈವ್ ಸ್ಟಾರ್ ಹುಡುಗರು, ಐದೇ ಗೆಲುವು

2022ರ ಫೆಬ್ರವರಿ. ಟೆಕ್ಸಸ್ ರಾಜ್ಯದ ಕಾಲೇಜ್ ಸ್ಟೇಷನ್ ಅನ್ನೋ ಊರಲ್ಲಿ ಜನ ಹಬ್ಬದ ಖುಷಿಯಲ್ಲಿದ್ದರು. ಯಾವ ಪಂದ್ಯವನ್ನೂ ಗೆದ್ದಿರಲಿಲ್ಲ. ಸೀಸನ್ ಶುರುವಾಗೋಕೆ ಇನ್ನೂ ಏಳು ತಿಂಗಳಿತ್ತು. ಅಲ್ಲಿನ ಟೆಕ್ಸಸ್ ಎ ಅಂಡ್ ಎಂ ಯೂನಿವರ್ಸಿಟಿಯ ಫುಟ್‌ಬಾಲ್ ತಂಡ ಸೇರೋಕೆ ಹೈಸ್ಕೂಲ್ ಹುಡುಗರ ಒಂದು ಬ್ಯಾಚ್ ಸಹಿ ಹಾಕಿತ್ತು, ಅಷ್ಟೇ. ಆದರೆ ಆ ಬ್ಯಾಚಲ್ಲಿ ಎಂಟು ಜನ ಫೈವ್ ಸ್ಟಾರ್, ಅಂದರೆ ಅತಿ ಮೇಲಿನ ದರ್ಜೆಯ ಆಟಗಾರರಿದ್ದರು. ಇಡೀ ಅಮೆರಿಕದಲ್ಲಿ ಒಂದು ವರ್ಷಕ್ಕೆ ಈ ದರ್ಜೆ ಸಿಗೋದೇ ಸುಮಾರು ಮೂವತ್ತು ಹುಡುಗರಿಗೆ. ಇಂಥ ರ‍್ಯಾಂಕಿಂಗ್ ಮಾಡೋ 247ಸ್ಪೋರ್ಟ್ಸ್‌ನ ಲೆಕ್ಕದಲ್ಲಿ ಅಲ್ಲಿಯವರೆಗೆ ಯಾವ ಕಾಲೇಜಿಗೂ ಅಷ್ಟು ಅಂಕದ ಬ್ಯಾಚ್ ಸಿಕ್ಕಿರಲಿಲ್ಲ.

ಸೆಪ್ಟೆಂಬರ್ ಬಂತು. ಎರಡನೇ ಪಂದ್ಯದಲ್ಲೇ, ಅದೂ ತಮ್ಮದೇ ಮೈದಾನದಲ್ಲಿ, ಅಪಲಾಚಿಯನ್ ಸ್ಟೇಟ್ ಅನ್ನೋ ಅಷ್ಟೇನೂ ದೊಡ್ಡ ಹೆಸರಿಲ್ಲದ ತಂಡದ ಕೈಲಿ 17-14ರಲ್ಲಿ ಸೋತರು. ಸೀಸನ್ ಮುಗಿದಾಗ 5 ಗೆಲುವು, 7 ಸೋಲು. ಮರುವರ್ಷ ನವೆಂಬರಲ್ಲಿ ಕೋಚ್ ಜಿಂಬೊ ಫಿಶರ್ ಅವರನ್ನು ತೆಗೆದರು. ಒಪ್ಪಂದದ ಅವಧಿ ಇನ್ನೂ ಬಾಕಿ ಇದ್ದಿದ್ದರಿಂದ ಅವರನ್ನು ಮನೆಗೆ ಕಳಿಸೋಕೆ ಒಪ್ಪಿಕೊಳ್ಳಬೇಕಾದ ಮೊತ್ತ 7.5 ಕೋಟಿ ಡಾಲರಿಗೂ ಜಾಸ್ತಿ.

ಈ ಕಥೆ ಕೇಳಿದ ತಕ್ಷಣ ಎಲ್ಲರೂ ಹೇಳೋದು ಒಂದೇ ಮಾತು: ಈ ಸ್ಟಾರು ಗೀರು ಎಲ್ಲಾ ಬುರುಡೆ, ಹದಿನೇಳು ವರ್ಷದ ಹುಡುಗರಿಗೆ ಅಂಕ ಕೊಟ್ಟು ಅಭಿಮಾನಿಗಳಿಂದ ದುಡ್ಡು ಕೀಳೋ ದಂಧೆ. ದುಡ್ಡು ಕೀಳೋದು ನಿಜ. ಬುರುಡೆ ಅನ್ನೋದನ್ನ ಮಾತ್ರ ನಾನು ಒಪ್ಪಲ್ಲ. ಎ ಅಂಡ್ ಎಂ ಅಭಿಮಾನಿಗಳು ಹುಡುಗರ ಪ್ರತಿಭೆಯ ವಿಷಯದಲ್ಲಿ ಮೋಸ ಹೋಗಲಿಲ್ಲ. ಬಂದ ಹುಡುಗರು ನಾಲ್ಕು ವರ್ಷ ಇದ್ದೇ ಇರ್ತಾರೆ ಅಂದುಕೊಂಡರಲ್ಲ, ಅಲ್ಲಿ ಎಡವಿದರು. ಇವತ್ತು ಅಮೆರಿಕದ ಕಾಲೇಜ್ ಫುಟ್‌ಬಾಲ್ ಅಭಿಮಾನಿಗಳೆಲ್ಲ ಒದ್ದಾಡುತ್ತಿರೋದು ಇದೇ ವಿಷಯಕ್ಕೆ. ಹಾಗಾಗಿ ಸ್ವಲ್ಪ ಬಿಡಿಸಿ ಹೇಳ್ತೀನಿ.

ಮೊದಲು ಆಟದ ವ್ಯವಸ್ಥೆ. ಇದು ನಾವು ಫುಟ್‌ಬಾಲ್ ಅನ್ನೋ ಆಟ ಅಲ್ಲ. ಹೆಲ್ಮೆಟ್ ಹಾಕಿಕೊಂಡು, ಮೊಟ್ಟೆ ಆಕಾರದ ಚೆಂಡು ಹಿಡಿದು ಗುದ್ದಾಡೋ ಅಮೆರಿಕದ ಆಟ. ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ಗೆ ಹೋಗಬೇಕಾದರೆ ಹೈಸ್ಕೂಲ್ ಮುಗಿದು ಕನಿಷ್ಠ ಮೂರು ವರ್ಷ ಆಗಿರಬೇಕು. ಆ ಮೂರ್ನಾಲ್ಕು ವರ್ಷ ಹುಡುಗರು ಆಡೋದು ಕಾಲೇಜಲ್ಲಿ. ಮೇಲಿನ ದರ್ಜೆಯಲ್ಲೇ 130ಕ್ಕೂ ಹೆಚ್ಚು ಕಾಲೇಜ್ ತಂಡಗಳಿವೆ. ಅನೇಕ ರಾಜ್ಯಗಳಲ್ಲಿ ಎನ್‌ಎಫ್‌ಎಲ್ ತಂಡವೇ ಇಲ್ಲ, ಅಲ್ಲಿ ಜನಕ್ಕೆ ಕಾಲೇಜ್ ತಂಡವೇ ಊರ ದೇವರು.

ಇಲ್ಲಿ ಹರಾಜಿಲ್ಲ. ನಮ್ಮ ಐಪಿಎಲ್‌ನಲ್ಲಿ ತಂಡ ಕೈ ಎತ್ತುತ್ತೆ, ಆಟಗಾರ ಹೋಗ್ತಾನೆ. ಇಲ್ಲಿ ಆರಿಸಿಕೊಳ್ಳೋನು ಹುಡುಗ. ಹದಿನೈದು ಹದಿನಾರು ವರ್ಷಕ್ಕೇ ಅವನ ಮನೆ ಬಾಗಿಲಿಗೆ ಕೋಚ್‌ಗಳು ಬರ್ತಾರೆ. ಕಾಲೇಜಿಗೆ ಕರೆಸಿ ಮೈದಾನ ತೋರಿಸ್ತಾರೆ, ಜರ್ಸಿ ಹಾಕಿಸಿ ಫೋಟೋ ತೆಗೀತಾರೆ, ಅಪ್ಪ ಅಮ್ಮನಿಗೆ ಊಟ ಹಾಕಿಸ್ತಾರೆ. ಹುಡುಗ ಒಂದು ದಿನ ‘ನಾನು ಇಂಥ ಕಾಲೇಜಿಗೆ ಕಮಿಟ್ ಆಗಿದ್ದೀನಿ’ ಅಂತಾನೆ. ಆ ಮಾತಿಗೆ ಕಾನೂನಿನ ಬೆಲೆ ಏನೂ ಇಲ್ಲ. ಸಹಿ ಹಾಕೋ ದಿನದವರೆಗೆ ಯಾವಾಗ ಬೇಕಾದರೂ ಬದಲಾಯಿಸಬಹುದು, ಅದಕ್ಕೆ ‘ಫ್ಲಿಪ್’ ಅಂತಾರೆ. ಮೊದಲು ಸಹಿ ಹಾಕೋ ದಿನ ಅಂದರೆ ಫೆಬ್ರವರಿಯ ಮೊದಲ ಬುಧವಾರ. 2017ರಿಂದ ಡಿಸೆಂಬರಲ್ಲೂ ಅವಕಾಶ ಬಂತು, ಈಗ ಹೆಚ್ಚಿನವರು ಡಿಸೆಂಬರಲ್ಲೇ ಮುಗಿಸಿಬಿಡ್ತಾರೆ.

ಆ ಘೋಷಣೆಯನ್ನು ನೋಡಬೇಕು ನೀವು. ಹುಡುಗನ ಮುಂದೆ ಮೇಜು, ಮೇಜಿನ ಮೇಲೆ ಮೂರ್ನಾಲ್ಕು ಕಾಲೇಜುಗಳ ಟೋಪಿ, ಹಿಂದೆ ಮನೆಯವರು, ಎದುರಿಗೆ ಕ್ಯಾಮೆರಾ. ಯಾವ ಟೋಪಿ ತಲೆಗೆ ಹಾಕ್ತಾನೋ ಆ ಊರಲ್ಲಿ ಪಟಾಕಿ. 2012ರ ಜನವರಿಯಲ್ಲಿ ಲ್ಯಾಂಡನ್ ಕಾಲಿನ್ಸ್ ಅನ್ನೋ ಲೂಸಿಯಾನದ ಹುಡುಗ ಟಿವಿ ನೇರ ಪ್ರಸಾರದಲ್ಲಿ ಅಲಬಾಮಾ ಅಂದ. ಪಕ್ಕದಲ್ಲೇ ಇದ್ದ ತಾಯಿ ತಲೆ ಅಡ್ಡಡ್ಡ ಆಡಿಸಿದರು. ಅವರಿಗೆ ಮಗ ತಮ್ಮ ರಾಜ್ಯದ ಲೂಸಿಯಾನ ಸ್ಟೇಟ್ ಯೂನಿವರ್ಸಿಟಿಗೇ, ಅಂದರೆ ಎಲ್‌ಎಸ್‌ಯುಗೇ ಹೋಗಬೇಕಿತ್ತು, ಅದನ್ನು ಮೈಕಿನ ಮುಂದೆ ಹೇಳಿಯೂ ಬಿಟ್ಟರು. ಹುಡುಗನ ಮುಖ ನೋಡೋಕಾಗಲ್ಲ. ಕಾಲಿನ್ಸ್ ಮುಂದೆ ಎನ್‌ಎಫ್‌ಎಲ್‌ನಲ್ಲಿ ಒಳ್ಳೆ ಹೆಸರು ಮಾಡಿದ. ಆದರೆ ಜನಕ್ಕೆ ಇವತ್ತಿಗೂ ನೆನಪಿರೋದು ಆ ತಾಯಿಯ ಮುಖ. ಅಮ್ಮನೇ ಅಷ್ಟು ಬೇಜಾರು ಮಾಡಿಕೊಂಡರೆ ಎಲ್‌ಎಸ್‌ಯು ಅಭಿಮಾನಿಗಳ ಗತಿ ಏನಾಗಿರಬೇಡ!

2021ರ ಡಿಸೆಂಬರ್ 15ರಂದು ಫ್ಲೋರಿಡಾ ಸ್ಟೇಟ್ ಅಭಿಮಾನಿಗಳಿಗೆ ಆಗಿದ್ದು ಇನ್ನೂ ದೊಡ್ಡ ಪೆಟ್ಟು. ದೇಶದ ನಂಬರ್ ಒನ್ ಹುಡುಗ ಟ್ರಾವಿಸ್ ಹಂಟರ್ 2020ರಲ್ಲೇ ಅವರಿಗೆ ಕಮಿಟ್ ಆಗಿದ್ದ. ತಂಡ ಸತತವಾಗಿ ಸೋಲ್ತಾ ಇದ್ದರೂ ‘ಹಂಟರ್ ಬರ್ತಾನಲ್ಲ’ ಅನ್ನೋ ಸಮಾಧಾನದಲ್ಲೇ ಜನ ದಿನ ದೂಡಿದರು. ಸಹಿ ಹಾಕೋ ದಿನ ಅವನು ಜ್ಯಾಕ್ಸನ್ ಸ್ಟೇಟ್ ಅಂದ. ಅದು ಮೇಲಿನ ದರ್ಜೆಯಲ್ಲೇ ಇಲ್ಲದ, ಐತಿಹಾಸಿಕವಾಗಿ ಕಪ್ಪು ವಿದ್ಯಾರ್ಥಿಗಳ ಕಾಲೇಜು. ಅಲ್ಲಿ ಕೋಚ್ ಆಗಿದ್ದವರು ಡಿಯಾನ್ ಸ್ಯಾಂಡರ್ಸ್. ಅವರೇ ಫ್ಲೋರಿಡಾ ಸ್ಟೇಟ್‌ನ ಹಳೇ ದಂತಕಥೆ ಅನ್ನೋದು ಗಾಯದ ಮೇಲೆ ಉಪ್ಪು. ಹಂಟರ್ ಮುಂದೆ ಅದೇ ಕೋಚ್ ಜೊತೆ ಕೊಲರಾಡೊಗೆ ಹೋಗಿ 2024ರ ಹೈಸ್ಮನ್ ಟ್ರೋಫಿ ಗೆದ್ದ, ಅಂದರೆ ಆ ವರ್ಷದ ಅತ್ಯುತ್ತಮ ಕಾಲೇಜ್ ಆಟಗಾರ ಅನ್ನಿಸಿಕೊಂಡ. ಹುಡುಗನ ಸ್ಟಾರ್ ಲೆಕ್ಕ ಸರಿಯಾಗೇ ಇತ್ತು. ಫ್ಲೋರಿಡಾ ಸ್ಟೇಟ್‌ಗೆ ಮಾತ್ರ ಅದು ಸಿಗಲಿಲ್ಲ.

ಈಗ ಸ್ಟಾರ್ ವಿಷಯಕ್ಕೆ ಬರೋಣ. ರ‍್ಯಾಂಕಿಂಗ್ ಕಂಪನಿಗಳ ಜನ ಕ್ಯಾಂಪ್‌ಗಳಿಗೆ ಹೋಗ್ತಾರೆ, ಹೈಸ್ಕೂಲ್ ಪಂದ್ಯಗಳ ವಿಡಿಯೋ ನೋಡ್ತಾರೆ, ಎತ್ತರ, ತೂಕ, ಓಟದ ವೇಗ ಬರ್ಕೊಳ್ತಾರೆ. ಫೈವ್ ಸ್ಟಾರ್ ಸಂಖ್ಯೆಯನ್ನು ಸುಮಾರು ಮೂವತ್ತೆರಡಕ್ಕೆ ನಿಲ್ಲಿಸೋದಕ್ಕೆ ಕಾರಣ ಇದೆ: ಎನ್‌ಎಫ್‌ಎಲ್ ತಂಡಗಳು ಸರದಿ ಪ್ರಕಾರ ಕಾಲೇಜ್ ಆಟಗಾರರನ್ನು ಆರಿಸಿಕೊಳ್ಳೋ ‘ಡ್ರಾಫ್ಟ್’ನ ಮೊದಲ ಸುತ್ತಲ್ಲಿ ಆರಿಸೋದು 32 ಜನರನ್ನು. ಅಂದರೆ ‘ಈ ಹುಡುಗ ಮುಂದೆ ಮೊದಲ ಸುತ್ತಿಗೆ ಹೋಗೋ ಮಾಲು’ ಅಂತ ಅರ್ಥ. ಅದರ ಕೆಳಗೆ ಫೋರ್ ಸ್ಟಾರ್ ಮುನ್ನೂರು ಚಿಲ್ಲರೆ ಹುಡುಗರು. ಆಮೇಲೆ ತ್ರೀ ಸ್ಟಾರ್ ಅನ್ನೋ ದೊಡ್ಡ ಸಮುದ್ರ.

ಪ್ರತಿ ವರ್ಷ ಡ್ರಾಫ್ಟ್ ದಿನ ಯಾರೋ ಒಬ್ಬರು ‘ನೋಡ್ರಿ, ಆಯ್ಕೆಯಾದವರಲ್ಲಿ ತ್ರೀ ಸ್ಟಾರ್ ಹುಡುಗರೇ ಜಾಸ್ತಿ, ಸ್ಟಾರ್ ಲೆಕ್ಕ ಸುಳ್ಳು’ ಅಂತ ಬರೀತಾರೆ. ಅರೆ, ತ್ರೀ ಸ್ಟಾರ್ ಹುಡುಗರು ಇರೋದೇ ಸಾವಿರಗಟ್ಟಲೆ, ಅವರು ಜಾಸ್ತಿ ಕಾಣದೆ ಇನ್ನೇನು? ನೋಡಬೇಕಾದ್ದು ಪ್ರಮಾಣ. ಫೈವ್ ಸ್ಟಾರ್ ಹುಡುಗರಲ್ಲಿ ಸರಿಸುಮಾರು ಅರ್ಧದಷ್ಟು ಜನ ಎನ್‌ಎಫ್‌ಎಲ್ ಡ್ರಾಫ್ಟ್‌ಗೆ ಹೋಗ್ತಾರೆ. ತ್ರೀ ಸ್ಟಾರ್‌ನಲ್ಲಿ ನೂರಕ್ಕೆ ಕೆಲವೇ ಜನ. ಜಾಶ್ ಆಲನ್‌ಗೆ ಹೈಸ್ಕೂಲ್ ಮುಗಿದಾಗ ಒಂದೇ ಒಂದು ದೊಡ್ಡ ಕಾಲೇಜಿಂದಲೂ ಕರೆ ಬರಲಿಲ್ಲ, ಇವತ್ತು ಎನ್‌ಎಫ್‌ಎಲ್‌ನ ದೊಡ್ಡ ಕ್ವಾರ್ಟರ್‌ಬ್ಯಾಕ್‌ಗಳಲ್ಲಿ (ಚೆಂಡು ಎಸೆದು ತಂಡದ ಆಕ್ರಮಣ ನಡೆಸೋ ಆಟಗಾರ) ಒಬ್ಬ. ನಿಜ. ಅವನಂಥವರು ಅಪರೂಪ ಅನ್ನೋದಕ್ಕೇ ಆ ಕಥೆಯನ್ನ ಅಷ್ಟು ಸಲ ಹೇಳ್ತಾರೆ.

ತಂಡದ ಮಟ್ಟದಲ್ಲಿ ಈ ಲೆಕ್ಕ ಇನ್ನೂ ಗಟ್ಟಿ. ಬಡ್ ಎಲಿಯಟ್ ಅನ್ನೋ ಪತ್ರಕರ್ತ ‘ಬ್ಲೂ ಚಿಪ್ ರೇಶಿಯೋ’ ಅಂತ ಒಂದು ಸರಳ ಅಳತೆ ಇಟ್ಟರು. ಕಾಲೇಜು ಕಳೆದ ನಾಲ್ಕು ವರ್ಷದಲ್ಲಿ ಹೈಸ್ಕೂಲಿಂದ ತಂದ ಹುಡುಗರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಫೋರ್ ಅಥವಾ ಫೈವ್ ಸ್ಟಾರ್ ಇರಬೇಕು, ಇಲ್ಲದಿದ್ದರೆ ರಾಷ್ಟ್ರೀಯ ಚಾಂಪಿಯನ್ ಪಟ್ಟದ ಆಸೆ ಬಿಡಿ ಅಂತ. ಅಲಬಾಮಾ, ಜಾರ್ಜಿಯಾ, ಓಹಾಯೊ ಸ್ಟೇಟ್, ಮಿಷಿಗನ್ ಎಲ್ಲರೂ ಆ ಗೆರೆ ದಾಟಿದವರೇ. ವರ್ಷಗಟ್ಟಲೆ ಈ ನಿಯಮ ಒಂದು ಸಲವೂ ತಪ್ಪಲಿಲ್ಲ. ಹಾಗಾಗಿ ಅಭಿಮಾನಿ ಜೂನ್ ತಿಂಗಳಲ್ಲಿ ಯಾವನೋ ಹದಿನೇಳರ ಹುಡುಗನ ಫೋಟೋ ನೋಡಿ ಕುಣಿದರೆ ಅದು ಹುಚ್ಚಲ್ಲ. ಲೆಕ್ಕ ಗೊತ್ತಿದ್ದೇ ಕುಣೀತಿದ್ದಾನೆ.

ಹುಚ್ಚು ಇಲ್ಲವೇ ಇಲ್ಲ ಅಂತಲೂ ಅಲ್ಲ ಬಿಡಿ. ಯಾವ ಹುಡುಗ ಎಲ್ಲಿಗೆ ಹೋಗ್ತಾನೆ ಅನ್ನೋ ಒಳಸುದ್ದಿ ಓದೋಕೆ ತಿಂಗಳು ತಿಂಗಳು ಚಂದಾ ಕಟ್ಟೋರು ಲೆಕ್ಕವಿಲ್ಲದಷ್ಟು ಜನ ಇದ್ದಾರೆ. ಪರಿಣತರು ಹಾಕೋ ‘ಕ್ರಿಸ್ಟಲ್ ಬಾಲ್’ ಭವಿಷ್ಯ ಬದಲಾದರೆ ಮನೇಲಿ ಊಟ ಸೇರಲ್ಲ. ಕೋಚ್‌ಗಳು ಓಡಾಡೋ ಖಾಸಗಿ ವಿಮಾನದ ಬಾಲದ ನಂಬರ್ ಇಟ್ಟುಕೊಂಡು ಅದು ಯಾವ ಊರಲ್ಲಿ ಇಳೀತು ಅಂತ ಫೋನಲ್ಲಿ ಹಿಂಬಾಲಿಸೋರೂ ಇದ್ದಾರೆ. ವಿಮಾನ ಹ್ಯೂಸ್ಟನ್‌ನಲ್ಲಿ ಇಳಿದರೆ ಅಲ್ಲಿನ ಹುಡುಗ ಖಾತ್ರಿ ಅಂತ ಅರ್ಥ. ಇಂಧನ ತುಂಬಿಸೋಕೆ ಇಳಿದಿರಬಹುದು ಅಂತ ಹೇಳೋಕೆ ಹೋಗಬೇಡಿ, ಜಗಳಕ್ಕೆ ಬರ್ತಾರೆ.

ಎ ಅಂಡ್ ಎಂನವರಿಗೆ ಈ ಹಸಿವು ಯಾಕೆ ಅಷ್ಟು ಜಾಸ್ತಿ ಅನ್ನೋದನ್ನೂ ಹೇಳಬೇಕು. ಅವರ ಮೈದಾನ ಕೈಲ್ ಫೀಲ್ಡ್‌ನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಸೀಟು. ಪಂದ್ಯದ ಹಿಂದಿನ ಮಧ್ಯರಾತ್ರಿ ಸಾವಿರಾರು ಜನ ಬಂದು ಬರೀ ಕೂಗು ಅಭ್ಯಾಸ ಮಾಡಿ ಹೋಗ್ತಾರೆ. ವಿದ್ಯಾರ್ಥಿಗಳು ಪಂದ್ಯ ಪೂರ್ತಿ ನಿಂತೇ ನೋಡ್ತಾರೆ, ಕರೆದರೆ ಆಡೋಕೆ ನಾವೂ ಸಿದ್ಧ ಅನ್ನೋ ಅರ್ಥದಲ್ಲಿ. 1922ರಲ್ಲಿ ಹಾಗೆ ಸಿದ್ಧನಾಗಿ ನಿಂತ ಒಬ್ಬ ವಿದ್ಯಾರ್ಥಿಯಿಂದ ಬಂದ ಸಂಪ್ರದಾಯ ಅದು. ದುಡ್ಡಿಗೆ ಬರವಿಲ್ಲ, ಹಳೇ ವಿದ್ಯಾರ್ಥಿಗಳಲ್ಲಿ ಎಣ್ಣೆ ಬಾವಿ ಇರೋರಿದ್ದಾರೆ. ಎಲ್ಲಾ ಇದೆ. ಕಪ್ ಮಾತ್ರ ಇಲ್ಲ. ರಾಷ್ಟ್ರೀಯ ಪಟ್ಟ ಕೊನೇ ಸಲ ಬಂದಿದ್ದು 1939ರಲ್ಲಿ. ತಮ್ಮ ಲೀಗಿನ ಪಟ್ಟ ಕೊನೇ ಸಲ 1998ರಲ್ಲಿ.

ಇಂಥ ಊರಿಗೆ 2017ರ ಕೊನೆಗೆ ಫಿಶರ್ ಬಂದರು. ಫ್ಲೋರಿಡಾ ಸ್ಟೇಟ್‌ನಲ್ಲಿ ರಾಷ್ಟ್ರೀಯ ಪಟ್ಟ ಗೆದ್ದಿದ್ದವರು. ಹತ್ತು ವರ್ಷಕ್ಕೆ 7.5 ಕೋಟಿ ಡಾಲರ್, ಅದೂ ಪೂರ್ತಿ ಗ್ಯಾರಂಟಿ. ಯೂನಿವರ್ಸಿಟಿಯ ಚಾನ್ಸಲರ್ ಅವರ ಕೈಗೆ ಒಂದು ಫಲಕ ಕೊಟ್ಟರು, ರಾಷ್ಟ್ರೀಯ ಚಾಂಪಿಯನ್ ಅಂತ ಅದರ ಮೇಲೆ ಬರೆದಿತ್ತು, ಇಸವಿ ಜಾಗದಲ್ಲಿ 20 ಅಂತ ಹಾಕಿ ಮುಂದೆ ಖಾಲಿ ಬಿಟ್ಟಿದ್ದರು! ನೀವೇ ತುಂಬಿಸಿಕೊಳ್ಳಿ ಅಂತ. ಇಷ್ಟು ದೊಡ್ಡ ಆಸೆಯನ್ನು ಮರದ ಹಲಗೆ ಮೇಲೆ ಕೊರೆಸಿ ಕೊಡೋ ಧೈರ್ಯ ನಾನು ಬೇರೆಲ್ಲೂ ನೋಡಿಲ್ಲ.

2021ರ ಅಕ್ಟೋಬರಲ್ಲಿ ಅಲಬಾಮಾವನ್ನು 41-38ರಿಂದ ಸೋಲಿಸಿದರು. ಆ ಬೆನ್ನಿಗೇ 2022ರ ಬ್ಯಾಚ್. ಆ ಹೊತ್ತಿಗೆ ಆಟಗಾರರು ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿಂದ ದುಡ್ಡು ಮಾಡಬಹುದು ಅಂತ 2021ರ ಜುಲೈ 1ರಿಂದ ನಿಯಮ ಸಡಿಲಾಗಿತ್ತು. ಇದನ್ನು ಎನ್‌ಐಎಲ್ ಅಂತಾರೆ. 2022ರ ಮೇನಲ್ಲಿ ಅಲಬಾಮಾದ ಕೋಚ್ ನಿಕ್ ಸೇಬನ್, ಎ ಅಂಡ್ ಎಂ ತನ್ನ ಹುಡುಗರನ್ನೆಲ್ಲ ದುಡ್ಡು ಕೊಟ್ಟು ಕೊಂಡಿದೆ ಅಂತ ಬಹಿರಂಗವಾಗಿ ಅಂದರು. ಮಾರನೇ ದಿನ ಫಿಶರ್ ಪತ್ರಿಕಾಗೋಷ್ಠಿ ಕರೆದು ಕೆಂಡ ಕಾರಿದರು. ಹಿಂದೆ ಇಬ್ಬರೂ ಒಟ್ಟಿಗೆ ಕೆಲಸ ಮಾಡಿದ್ದವರು ಬೇರೆ. ಅಭಿಮಾನಿಗಳಿಗಂತೂ ಖುಷಿಯೋ ಖುಷಿ: ದೊಡ್ಡವರು ಹೊಟ್ಟೆಕಿಚ್ಚು ಪಡೋವಷ್ಟು ಬೆಳೆದಿದ್ದೀವಿ ಅಂತ.

ಆಮೇಲೆ ಏನಾಯಿತು ಅಂದರೆ, ಹದಿನೆಂಟರ ಹುಡುಗರು ಮೊದಲ ವರ್ಷ ಇಪ್ಪತ್ತೆರಡರ ಗಂಡಸರ ಎದುರು ಆಡಬೇಕಾಯಿತು. ಕ್ವಾರ್ಟರ್‌ಬ್ಯಾಕ್ ಜಾಗದಲ್ಲಿ ಒಬ್ಬ ನಿಲ್ಲಲಿಲ್ಲ, ಇನ್ನೊಬ್ಬನಿಗೆ ಗಾಯ, ಕೊನೆಗೆ ಹೊಸಬನನ್ನೇ ಇಳಿಸಿದರು. ಫಿಶರ್ ಆಕ್ರಮಣದ ತಂತ್ರ ಹಳೇದು ಅಂತ ಎಲ್ಲರೂ ಬೈತಾ ಇದ್ದರು. ಇದೆಲ್ಲ ಯಾವ ತಂಡಕ್ಕೂ ಆಗೋದೇ. ಹಳೇ ಕಾಲ ಆಗಿದ್ದರೆ ಅಭಿಮಾನಿ ‘ಮಕ್ಕಳು ಇನ್ನೂ ಎಳಸು, ಎರಡು ವರ್ಷ ತಡೀರಿ’ ಅಂತಿದ್ದ. 2022ರಲ್ಲಿ ಹಾಗೆ ತಡೆಯೋಕೆ ಅವಕಾಶವೇ ಇರಲಿಲ್ಲ. ಸೀಸನ್ ಮುಗಿದ ಕೂಡಲೇ ಇಪ್ಪತ್ತಕ್ಕೂ ಹೆಚ್ಚು ಆಟಗಾರರು ತಂಡ ಬಿಟ್ಟು ಹೊರಟರು.

ಹೊರಟಿದ್ದು ‘ಟ್ರಾನ್ಸ್‌ಫರ್ ಪೋರ್ಟಲ್’ ಮೂಲಕ. ಇದು 2018ರಲ್ಲಿ ಶುರುವಾದ ಒಂದು ಪಟ್ಟಿ, ಅಷ್ಟೇ. ಕಾಲೇಜು ಬದಲಾಯಿಸಬೇಕು ಅನ್ನೋ ಆಟಗಾರ ತನ್ನ ಹೆಸರು ಹಾಕಿಸ್ತಾನೆ, ಬೇರೆ ಕೋಚ್‌ಗಳು ಮಾತಾಡಿಸಬಹುದು. ಮೊದಲು ಬದಲಾಯಿಸಿದರೆ ಒಂದು ವರ್ಷ ಆಡದೆ ಕೂರಬೇಕಿತ್ತು. 2021ರಲ್ಲಿ ಒಂದು ಸಲಕ್ಕೆ ಆ ಶಿಕ್ಷೆ ತೆಗೆದರು. 2024ಕ್ಕೆ ಬರೋವಷ್ಟರಲ್ಲಿ ಕೋರ್ಟ್ ಆದೇಶಗಳ ಒತ್ತಡಕ್ಕೆ ಎಷ್ಟು ಸಲ ಬೇಕಾದರೂ ಹೋಗಬಹುದು ಅಂತಾಯಿತು. ಶಿಕ್ಷೆಯಿಲ್ಲದ ಪೋರ್ಟಲ್ ಮತ್ತು ಎನ್‌ಐಎಲ್ ದುಡ್ಡು 2021ರಲ್ಲಿ ಒಟ್ಟಿಗೆ ಸೇರಿಕೊಂಡಿದ್ದೇ ನಿಜವಾದ ಬದಲಾವಣೆ. ಬೇರೆ ಕಾಲೇಜಿಗೆ ಹೋಗೋ ಸ್ವಾತಂತ್ರ್ಯ ಇದೆ, ಹೋದರೆ ಜಾಸ್ತಿ ಕೊಡೋರೂ ಇದ್ದಾರೆ. ಈಗ ಹೈಸ್ಕೂಲ್ ಹುಡುಗನ ಸಹಿ ಅಂದರೆ ಬಾಡಿಗೆ ಮನೆಯ ಹನ್ನೊಂದು ತಿಂಗಳ ಅಗ್ರಿಮೆಂಟ್ ಇದ್ದ ಹಾಗೆ. ಮುಗಿದ ಮೇಲೆ ಇಬ್ಬರಿಗೂ ಇಷ್ಟವಿದ್ದರೆ ಮುಂದುವರಿಕೆ, ಇಲ್ಲದಿದ್ದರೆ ಸಾಮಾನು ಕಟ್ಟು.

ಆ ಎಂಟು ಜನರನ್ನೇ ನೋಡಿ. ವಾಲ್ಟರ್ ನೋಲನ್ ಎರಡು ವರ್ಷ ಇದ್ದು ಓಲ್ ಮಿಸ್ ಅಂತ ಕರೆಯೋ ಮಿಸಿಸಿಪ್ಪಿ ಯೂನಿವರ್ಸಿಟಿಗೆ ಹೋದ. ಎವನ್ ಸ್ಟುವರ್ಟ್ ಆರೆಗಾನ್‌ಗೆ. ಓವರ್ಟನ್ ಹೋಗಿದ್ದು ಸೇಬನ್ ಕೋಚ್ ಆಗಿದ್ದ ಅದೇ ಅಲಬಾಮಾಗೆ! ಡೆನ್ವರ್ ಹ್ಯಾರಿಸ್ ಒಂದೇ ವರ್ಷಕ್ಕೆ ಎಲ್‌ಎಸ್‌ಯುಗೆ. ಕ್ವಾರ್ಟರ್‌ಬ್ಯಾಕ್ ವೈಗ್ಮನ್ ಮೂರು ವರ್ಷ ಕಳೆದು ಹ್ಯೂಸ್ಟನ್‌ಗೆ. ಶೆಮಾರ್ ಸ್ಟುವರ್ಟ್ ಮಾತ್ರ ಎ ಅಂಡ್ ಎಂನಲ್ಲೇ ಇದ್ದು ನೇರ ಡ್ರಾಫ್ಟ್‌ಗೆ ಹೋದ. 2025ರ ಎನ್‌ಎಫ್‌ಎಲ್ ಡ್ರಾಫ್ಟ್‌ನ ಮೊದಲ ಸುತ್ತಲ್ಲಿ 16ನೇ ಆಯ್ಕೆ ನೋಲನ್, 17ನೇ ಆಯ್ಕೆ ಶೆಮಾರ್ ಸ್ಟುವರ್ಟ್. ಬೆನ್ನಿಗೆ ಬೆನ್ನು. ಸ್ಟಾರ್ ಕೊಟ್ಟವರ ಕಣ್ಣು ತಪ್ಪಿರಲಿಲ್ಲ ಅಂತ ನಾನು ಹೇಳಿದ್ದು ಇದಕ್ಕೇ. ಈ ಇಬ್ಬರೂ ಒಟ್ಟಿಗೆ, ಒಂದೇ ಸಾಲಲ್ಲಿ, ಮೂರನೇ ವರ್ಷ ಆಡಿದ್ದರೆ ಹೇಗಿರುತ್ತಿತ್ತು ಅಂತ ಎ ಅಂಡ್ ಎಂನವರು ಇವತ್ತಿಗೂ ಕೊರಗ್ತಾರೆ.

ಇನ್ನೊಂದು ಕಡೆ ಇಂಡಿಯಾನಾ ನೋಡಿ. ಕಾಲೇಜ್ ಫುಟ್‌ಬಾಲ್‌ನ ಮೇಲಿನ ದರ್ಜೆಯ ಇತಿಹಾಸದಲ್ಲೇ ಅತಿ ಹೆಚ್ಚು ಸೋತ ತಂಡ ಅನ್ನೋ ಹಣೆಪಟ್ಟಿ ಹೊತ್ತಿದ್ದವರು. 2023ರಲ್ಲಿ 3 ಗೆಲುವು, 9 ಸೋಲು. ಜೇಮ್ಸ್ ಮ್ಯಾಡಿಸನ್ ಅನ್ನೋ ಚಿಕ್ಕ ಕಾಲೇಜಿಂದ ಕರ್ಟ್ ಸಿಗ್ನೆಟಿ ಅನ್ನೋ ಅರವತ್ತು ದಾಟಿದ ಕೋಚ್ ಬಂದರು. ಬರುವಾಗ ತಮ್ಮ ಹಳೇ ತಂಡದ ಹತ್ತಾರು ಹುಡುಗರನ್ನೂ ಪೋರ್ಟಲ್ ಮೂಲಕ ಕರ್ಕೊಂಡು ಬಂದರು. ಯಾರೂ ಫೈವ್ ಸ್ಟಾರ್ ಅಲ್ಲ. ಆದರೆ ಇಪ್ಪತ್ತೆರಡು, ಇಪ್ಪತ್ತಮೂರು ವರ್ಷದ, ಮೂರ್ನಾಲ್ಕು ಸೀಸನ್ ಆಡಿ ಪಳಗಿದ ಆಳುಗಳು. ಮೊದಲ ವರ್ಷವೇ 11 ಗೆಲುವು. 2025ಕ್ಕೆ ಕ್ಯಾಲಿಫೋರ್ನಿಯಾ ಬರ್ಕ್‌ಲಿಯಿಂದ ಫರ್ನಾಂಡೊ ಮೆಂಡೋಜ ಅನ್ನೋ ಕ್ವಾರ್ಟರ್‌ಬ್ಯಾಕ್ ಬಂದ. ಹೈಸ್ಕೂಲಲ್ಲಿ ಅವನ ಹೆಸರು ಪಟ್ಟಿಯಲ್ಲಿ ಎಲ್ಲೋ ಕೆಳಗಿತ್ತು, ಮೊದಲು ಯೇಲ್‌ಗೆ ಹೋಗ್ತೀನಿ ಅಂದಿದ್ದ ಹುಡುಗ. ಆ ವರ್ಷ ಹೈಸ್ಮನ್ ಅವನಿಗೇ ಬಂತು. ಇಂಡಿಯಾನಾ ಒಂದೂ ಪಂದ್ಯ ಸೋಲದೆ, 2026ರ ಜನವರಿ 19ರಂದು ಮಯಾಮಿಯನ್ನು 27-21ರಿಂದ ಸೋಲಿಸಿ ರಾಷ್ಟ್ರೀಯ ಚಾಂಪಿಯನ್ ಆಯಿತು. ಬ್ಲೂ ಚಿಪ್ ನಿಯಮ ಮುರಿಯಿತು. ಇಂಡಿಯಾನಾ ಆ ಅರ್ಧದ ಗೆರೆಯ ಹತ್ತಿರಕ್ಕೂ ಇರಲಿಲ್ಲ.

ಹಾಗಂತ ಹೈಸ್ಕೂಲ್ ರಿಕ್ರೂಟಿಂಗ್ ಸತ್ತಿತು ಅಂತ ಹೇಳೋರ ಮಾತು ನಂಬಬೇಡಿ. ಪೋರ್ಟಲ್‌ನಲ್ಲಿ ಸಿಗೋ ಒಳ್ಳೆ ಆಟಗಾರನೂ ಎಲ್ಲೋ ಒಂದು ಕಡೆ ಹೈಸ್ಕೂಲಿಂದಲೇ ಬಂದಿರ್ತಾನೆ. ಬದಲಾಗಿರೋದು ಯಾರು ಬೆಳೆಸ್ತಾರೆ, ಯಾರು ಕೊಯ್ತಾರೆ ಅನ್ನೋದು. ಚಿಕ್ಕ ಕಾಲೇಜಿನ ಅಭಿಮಾನಿಗೆ ಇದರಲ್ಲಿ ಹೊಟ್ಟೆ ಉರಿ ಜಾಸ್ತಿ. ಮೊದಲೆಲ್ಲ ಅವರು ಒಬ್ಬ ತ್ರೀ ಸ್ಟಾರ್ ಹುಡುಗನನ್ನು ತಂದು, ಎರಡು ವರ್ಷ ಕಾದು, ಮೂರನೇ ವರ್ಷ ಅವನ ಆಟ ನೋಡಿ ಖುಷಿಪಡ್ತಿದ್ದರು. ಈಗ ಎರಡನೇ ವರ್ಷ ಚೆನ್ನಾಗಿ ಆಡಿದ ಅಂದರೆ ಅಭಿಮಾನಿಗೆ ಖುಷಿಗಿಂತ ಮೊದಲು ಭಯ ಆಗುತ್ತೆ.

ದುಡ್ಡಿನ ವಿಷಯ ಬೇರೆಯೇ ಇದೆ, ಮತ್ತು ನನಗೆ ಜಾಸ್ತಿ ಕಸಿವಿಸಿ ಅನ್ನಿಸೋದು ಅದೇ. ಮೊದಲು ಅಭಿಮಾನಿ ಆಸೆ ಪಡೋಕೆ ದುಡ್ಡು ಕೊಡಬೇಕಿರಲಿಲ್ಲ. ಟಿಕೆಟ್ ತಗೊಂಡರೆ ಆಯಿತು. 2021ರ ನಂತರ ಪ್ರತಿ ಕಾಲೇಜಿನ ಸುತ್ತ ‘ಕಲೆಕ್ಟಿವ್’ ಅನ್ನೋ ಗುಂಪುಗಳು ಹುಟ್ಟಿಕೊಂಡವು. ಶ್ರೀಮಂತರು ಲಕ್ಷಗಟ್ಟಲೆ ಹಾಕ್ತಾರೆ, ಸಾಮಾನ್ಯ ಜನಕ್ಕೆ ‘ತಿಂಗಳಿಗೆ ಇಷ್ಟು ಕೊಡಿ, ನಮ್ಮ ಹುಡುಗರನ್ನು ಉಳಿಸಿಕೊಳ್ಳೋಣ’ ಅಂತ ಮನವಿ. 2024ರಲ್ಲಿ ಟೆನೆಸಿ ಯೂನಿವರ್ಸಿಟಿ ಮರುವರ್ಷದ ಸೀಸನ್ ಟಿಕೆಟ್ ಮೇಲೆ ಶೇಕಡಾ 10 ‘ಟ್ಯಾಲೆಂಟ್ ಫೀ’ ಹಾಕ್ತೀವಿ ಅಂತ ನೇರವಾಗೇ ಹೇಳಿಬಿಟ್ಟಿತು. ಪ್ರಾಮಾಣಿಕತೆ ಮೆಚ್ಚಬೇಕು ಬಿಡಿ.

ಅದೇ ಟೆನೆಸಿಯಲ್ಲಿ ಮುಂದಿನ ಏಪ್ರಿಲ್‌ನಲ್ಲಿ ನಡೆದಿದ್ದು ಕೇಳಿ. ಕ್ವಾರ್ಟರ್‌ಬ್ಯಾಕ್ ನಿಕೊ ಯಾಮಲೆಯಾವ ಕ್ಯಾಲಿಫೋರ್ನಿಯಾದ ಹುಡುಗ, ಫೈವ್ ಸ್ಟಾರ್, ಅವನ ಒಪ್ಪಂದ 80 ಲಕ್ಷ ಡಾಲರ್ ಅಂತ ಸುದ್ದಿಯಾಗಿತ್ತು. 2024ರಲ್ಲಿ ತಂಡವನ್ನು ಪ್ಲೇಆಫ್‌ವರೆಗೂ ಕರ್ಕೊಂಡು ಹೋಗಿದ್ದ. ಹಣದ ಮಾತುಕತೆ ಕೆಟ್ಟಿದೆ ಅನ್ನೋ ಸುದ್ದಿಯ ನಡುವೆ ಒಂದು ದಿನ ಅಭ್ಯಾಸಕ್ಕೆ ಬರಲಿಲ್ಲ. ಕೋಚ್ ಕೂಡಲೇ ಸಂಬಂಧ ಕಡಿದರು. ಅವನು ಲಾಸ್ ಏಂಜಲೀಸ್‌ನ ಯೂನಿವರ್ಸಿಟಿ ಯುಸಿಎಲ್‌ಎಗೆ ಹೋದ. ಅವನು ಬಂದಿದ್ದಕ್ಕೆ ಅಲ್ಲಿದ್ದ ಕ್ವಾರ್ಟರ್‌ಬ್ಯಾಕ್ ಜೋಯಿ ಅಗಿಲಾರ್ ಟೆನೆಸಿಗೆ ಬಂದ. ಒಬ್ಬರ ಜಾಗಕ್ಕೆ ಇನ್ನೊಬ್ಬರು! ಆ ಸೀಸನ್ ಟೆನೆಸಿ 8 ಪಂದ್ಯ ಗೆದ್ದಿತು, ಯುಸಿಎಲ್‌ಎ ಗೆದ್ದಿದ್ದು ಮೂರೇ. ಶೇಕಡಾ 10 ಜಾಸ್ತಿ ಕೊಟ್ಟು ಟಿಕೆಟ್ ತಗೊಂಡ ಟೆನೆಸಿಯವನಿಗೆ ತಾನು ಯಾರ ಟ್ಯಾಲೆಂಟಿಗೆ ಫೀ ಕಟ್ಟಿದೆ ಅನ್ನೋದೇ ಏಪ್ರಿಲ್‌ನಲ್ಲಿ ಬದಲಾಗಿಹೋಯಿತು.

2025ರ ಜೂನ್ 6ರಂದು, ಆಟಗಾರರಿಗೂ ಹಣ ಸಿಗಬೇಕು ಅಂತ ಹೂಡಿದ್ದ ‘ಹೌಸ್’ ಅನ್ನೋ ಮೊಕದ್ದಮೆಯ ರಾಜಿಗೆ ಕೋರ್ಟ್ ಒಪ್ಪಿಗೆ ಕೊಟ್ಟ ಮೇಲೆ ಕಾಲೇಜುಗಳೇ ನೇರವಾಗಿ ಆಟಗಾರರಿಗೆ ಹಣ ಕೊಡಬಹುದು. ಮೊದಲ ವರ್ಷಕ್ಕೆ ಮಿತಿ ಒಂದು ಕಾಲೇಜಿಗೆ ಸುಮಾರು 2.05 ಕೋಟಿ ಡಾಲರ್, ಎಲ್ಲಾ ಆಟಗಳೂ ಸೇರಿ. ಅದರಲ್ಲಿ ಸಿಂಹಪಾಲು ಫುಟ್‌ಬಾಲಿಗೇ. ಹುಡುಗರಿಗೆ ಹಣ ಸಿಗೋದು ತಪ್ಪಲ್ಲ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಕೋಚ್‌ನ ತೆಗೆಯೋಕೆ 7.5 ಕೋಟಿ ಕೊಡೋ ವ್ಯವಸ್ಥೆಯಲ್ಲಿ ಮೈ ಮುರಿದುಕೊಂಡು ಆಡೋ ಹುಡುಗನಿಗೆ ಬರೀ ಸ್ಕಾಲರ್‌ಶಿಪ್ ಸಾಕು ಅಂತ ಇಷ್ಟು ವರ್ಷ ವಾದಿಸಿದ್ದೇ ನಾಚಿಕೆಗೇಡು.

ಅಭಿಮಾನಿಗಳು ಮಾತ್ರ ಬೈಯೋದು ಹುಡುಗನನ್ನೇ. ಫ್ಲಿಪ್ ಮಾಡಿದ ಹದಿನೇಳರ ಹುಡುಗನ ಫೋನಿಗೆ ದೊಡ್ಡ ದೊಡ್ಡ ಗಂಡಸರು ಬೈಗುಳ ಕಳಿಸ್ತಾರೆ. ಕೋಚ್‌ಗಳೋ? 2025ರ ನವೆಂಬರ್ 30ರಂದು ಲೇನ್ ಕಿಫಿನ್ ಓಲ್ ಮಿಸ್ ಬಿಟ್ಟು ಎಲ್‌ಎಸ್‌ಯುಗೆ ಹೊರಟರು. ತಂಡ ಪ್ಲೇಆಫ್ ಆಡೋಕೆ ಸಿದ್ಧವಾಗ್ತಿತ್ತು, ಹೊಸ ಹುಡುಗರು ಸಹಿ ಹಾಕೋಕೆ ಮೂರೇ ದಿನ ಬಾಕಿ. ಪೆನ್ ಸ್ಟೇಟ್ ಇನ್ನೂ ಕೆಟ್ಟ ಉದಾಹರಣೆ. ಆ ಸೀಸನ್ ಶುರುವಾದಾಗ ದೇಶದ ಎರಡನೇ ರ‍್ಯಾಂಕ್ ತಂಡ. ಅಕ್ಟೋಬರಲ್ಲಿ ಕೋಚ್ ಜೇಮ್ಸ್ ಫ್ರಾಂಕ್ಲಿನ್ ಅವರನ್ನು ತೆಗೆದರು, ಅವರು ವರ್ಜೀನಿಯಾ ಟೆಕ್‌ಗೆ ಹೋದರು, ಕಮಿಟ್ ಆಗಿದ್ದ ಹುಡುಗರಲ್ಲಿ ಸುಮಾರು ಜನ ಅವರ ಹಿಂದೆಯೇ ಹೋದರು. ಡಿಸೆಂಬರ್ 3ರಂದು ಪೆನ್ ಸ್ಟೇಟ್‌ಗೆ ಸಹಿ ಹಾಕಿದ ಹೈಸ್ಕೂಲ್ ಹುಡುಗರು ಇಬ್ಬರೇ ಇಬ್ಬರು. ಒಂದು ಲಕ್ಷ ಜನ ಹಿಡಿಯೋ ಮೈದಾನ ಇರೋ ಕಾಲೇಜಿಗೆ!

ಅಮೆರಿಕಕ್ಕೆ ಎಂ.ಎಸ್ ಮಾಡೋಕೆ ಬರೋ ನಮ್ಮ ಕಡೆ ಹುಡುಗರೂ ಈ ಸುಳಿಗೆ ಬೀಳ್ತಾರೆ. ಮೊದಲ ವರ್ಷ ರೂಲ್ಸೇ ಅರ್ಥ ಆಗಿರಲ್ಲ, ಎಲ್ಲರೂ ಹೋಗ್ತಾರೆ ಅಂತ ಶನಿವಾರ ಮೈದಾನಕ್ಕೆ ಹೋಗ್ತಾರೆ. ಓದು ಮುಗಿದು ಡಾಲಸ್‌ನಲ್ಲೋ ಸಿಯಾಟಲ್‌ನಲ್ಲೋ ಕೆಲಸಕ್ಕೆ ಸೇರಿದ ಮೇಲೆ, ಓದಿದ ಊರಿನ ಜೊತೆ ಉಳಿಯೋ ಒಂದೇ ನಂಟು ಅಂದರೆ ಆ ತಂಡ. ಡಿಸೆಂಬರ್ ಬಂದರೆ ಅವರೂ ಯಾವ ಹುಡುಗ ಎಲ್ಲಿ ಸಹಿ ಹಾಕಿದ ಅಂತ ಫೋನ್ ನೋಡ್ತಾ ಕೂತಿರ್ತಾರೆ.

ಅಂಥವರಿಗೆ ಒಂದು ಮಾತು. ಬ್ಯಾಚಿನ ರ‍್ಯಾಂಕ್ ಒಂದನ್ನೇ ನೋಡಿ ಕುಣಿಯೋ ಕಾಲ ಹೋಯಿತು. ಹಳೇ ಹುಡುಗರಲ್ಲಿ ಎಷ್ಟು ಜನ ಉಳಿದರು ಅನ್ನೋದನ್ನ ಮೊದಲು ನೋಡಿ, ಮುಖ್ಯವಾಗಿ ಮುಂದಿನ ಸಾಲಲ್ಲಿ ಗುದ್ದಾಡೋ ದಪ್ಪ ಹುಡುಗರನ್ನು. ಅವರನ್ನು ಯಾರೂ ಹಾಡಿ ಹೊಗಳಲ್ಲ, ಆದರೆ ಪಂದ್ಯ ಗೆಲ್ಲೋದು, ಸೋಲೋದು ಅಲ್ಲೇ. ಪೋರ್ಟಲ್ 2026ರಲ್ಲಿ ತೆರೆದಿದ್ದು ಜನವರಿ 2ರಿಂದ 16ರವರೆಗೆ ಒಂದೇ ಸಲ. ವಸಂತದಲ್ಲಿ ಇನ್ನೊಂದು ಸಲ ತೆರೆಯೋ ಪದ್ಧತಿ ತೆಗೆದುಹಾಕಿದರು. ಹಾಗಾಗಿ ತಂಡದ ನಿಜವಾದ ರೂಪ ಗೊತ್ತಾಗೋದು ಡಿಸೆಂಬರಲ್ಲಿ ಅಲ್ಲ, ಜನವರಿ ಕೊನೆಗೆ. ಎ ಅಂಡ್ ಎಂ ಇದನ್ನು ಕಲಿತ ಹಾಗಿದೆ. ಫಿಶರ್ ನಂತರ ಬಂದ ಮೈಕ್ ಎಲ್ಕೊ ಹಿಂದೆ ಅಲ್ಲೇ ರಕ್ಷಣಾ ವಿಭಾಗ ನೋಡಿಕೊಳ್ತಿದ್ದವರು. ತಾವೇ ಬೆಳೆಸಿದ ಕ್ವಾರ್ಟರ್‌ಬ್ಯಾಕ್ ಮಾರ್ಸೆಲ್ ರೀಡ್ ಜೊತೆಗೆ ಪೋರ್ಟಲಿಂದ ತಂದ ಒಳ್ಳೆ ರಿಸೀವರ್‌ಗಳನ್ನು (ಅವನು ಎಸೆದ ಚೆಂಡು ಹಿಡಿದು ಓಡೋರು) ಇಟ್ಟುಕೊಂಡು 2025ರಲ್ಲಿ ಮೊದಲ 11 ಪಂದ್ಯ ಗೆದ್ದರು. ಆಮೇಲೆ ಅದೇ ರಾಜ್ಯದ ಇನ್ನೊಂದು ತಂಡ ಟೆಕ್ಸಸ್ ಯೂನಿವರ್ಸಿಟಿ ಕೈಲಿ ಸೋತು, ಪ್ಲೇಆಫ್‌ನಲ್ಲಿ ತಮ್ಮದೇ ಮೈದಾನದಲ್ಲಿ ಮಯಾಮಿಗೆ 10-3ರಲ್ಲಿ ಸೋತರು. ಬೇಜಾರೇ. ಆದರೂ ನನ್ನ ಪ್ರಕಾರ ಇದು 2022ಕ್ಕಿಂತ ಗಟ್ಟಿಯಾದ ಕೆಲಸ.

ಮುಂದೆ ಏನಾಗುತ್ತೆ ಅನ್ನೋದು ಮೈದಾನಕ್ಕಿಂತ ಜಾಸ್ತಿ ಕೋರ್ಟಿನಲ್ಲಿ ತೀರ್ಮಾನ ಆಗೋ ಹಾಗೆ ಕಾಣುತ್ತೆ. ಕಾಲೇಜುಗಳು ಈಗ ಹುಡುಗರ ಹತ್ತಿರ ಒಂದಕ್ಕಿಂತ ಹೆಚ್ಚು ವರ್ಷದ ಒಪ್ಪಂದ ಬರೆಸಿಕೊಳ್ಳೋಕೆ ಶುರು ಮಾಡಿವೆ, ಮಧ್ಯದಲ್ಲಿ ಬಿಟ್ಟರೆ ದಂಡ ಕಟ್ಟಬೇಕು ಅನ್ನೋ ಷರತ್ತಿನ ಜೊತೆ. 2025ರ ಜೂನಲ್ಲಿ ವಿಸ್ಕಾನ್ಸಿನ್ ಯೂನಿವರ್ಸಿಟಿ, ಒಪ್ಪಂದ ಇದ್ದ ತನ್ನ ಆಟಗಾರನನ್ನು ಸೆಳೆದುಕೊಂಡಿದ್ದೀರಿ ಅಂತ ಮಯಾಮಿ ಮೇಲೆ ಕೇಸ್ ಹಾಕಿತು. ಆಟಗಾರರು ವಿದ್ಯಾರ್ಥಿಗಳೋ ನೌಕರರೋ ಅನ್ನೋದೇ ಇನ್ನೂ ಇತ್ಯರ್ಥ ಆಗಿಲ್ಲ. ಹುಡುಗರನ್ನು ಕಟ್ಟಿಹಾಕೋ ಒಪ್ಪಂದ ನಿಲ್ಲಬೇಕಾದರೆ ಅವರಿಗೆ ನೌಕರರ ಹಕ್ಕುಗಳನ್ನೂ ಕೊಡಬೇಕಾಗಬಹುದು, ಕಾಲೇಜುಗಳಿಗೆ ಅದು ಇಷ್ಟವಿಲ್ಲ. ಎರಡೂ ಬೇಕು ಅಂದರೆ ಆಗಲ್ಲ ಅಲ್ವಾ? ಆ ಒಪ್ಪಂದಗಳು ಕೋರ್ಟಿನಲ್ಲಿ ನಿಂತರೆ, ಡಿಸೆಂಬರ್‌ನ ಸುದ್ದಿಯಲ್ಲಿ ಅಭಿಮಾನಿ ಮೊದಲು ಕೇಳೋ ಪ್ರಶ್ನೆ ಎಷ್ಟು ಸ್ಟಾರ್ ಅಂತ ಇರಲ್ಲ, ಎಷ್ಟು ವರ್ಷಕ್ಕೆ ಸಹಿ ಹಾಕಿದ ಅಂತ ಇರುತ್ತೆ.